ತಿಳಿಯುವ ಮುನ್ನ ಬರೆದ ಪುಟ
ವಿದ್ಯಾರ್ಥಿ ಪ್ರಾಜೆಕ್ಟ್ ಮತ್ತು ಕೆಲಸದ ದಿನಚರಿ: ದತ್ತಿ ಉಪನ್ಯಾಸದ ಪಠ್ಯ



ಕಾಲೇಜಿಗೆ ಬರುವ ದತ್ತಿಯ ಹಣ ಸಾಮಾನ್ಯವಾಗಿ ಚಿನ್ನದ ಪದಕಕ್ಕೆ ಹೋಗುತ್ತದೆ. ಇಲ್ಲಿ ಅದನ್ನು ವರ್ಷಕ್ಕೊಂದು ಉಪನ್ಯಾಸಕ್ಕೆ ಮೀಸಲಿಟ್ಟಿದ್ದೀರಿ. ಈ ವರ್ಷದ ಸರದಿಯನ್ನು ನನಗೆ ಕೊಟ್ಟದ್ದಕ್ಕೆ ಕೃತಜ್ಞತೆಗಳು. ವಿಷಯದ ಆಯ್ಕೆ ನಿಮ್ಮದೇ ಎಂದಾಗ ನಾನು ದೊಡ್ಡ ಸಂಗತಿಗಳ ತಂಟೆಗೆ ಹೋಗದೆ, ಅಂಗಡಿಯಲ್ಲಿ ಸಿಗುವ ಒಂದು ರಟ್ಟಿನ ನೋಟ್‌ಬುಕ್ಕನ್ನು ಆರಿಸಿಕೊಂಡೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ ಅಂದಂದಿನ ಕೆಲಸವನ್ನೂ ಆ ಕೆಲಸದ ಬಗ್ಗೆ ತನಗೆ ಬಂದ ಯೋಚನೆಯನ್ನೂ ಬರೆದಿಡುವ ದಿನಚರಿ ಇವತ್ತಿನ ನನ್ನ ವಿಷಯ.

ಇದು ಹೊಸ ಬೇಡಿಕೆಯಲ್ಲ. ಬಿ.ಎಡ್. ವಿದ್ಯಾರ್ಥಿ ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋದಾಗ ಚಿಂತನಶೀಲ ದಿನಚರಿ ಬರೆಯಬೇಕು. ಕೃಷಿ ಪದವಿಯವರು ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ಉಳಿದಾಗಲೂ ಡೈರಿ ಇಡಬೇಕು. ಸಮಾಜಕಾರ್ಯ ಓದುವವರಿಗೆ ಕ್ಷೇತ್ರಕಾರ್ಯದ ದಾಖಲೆ ಉಂಟು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹೋಗುವ ಹೈಸ್ಕೂಲು ಮಕ್ಕಳು ಕೂಡ ವರದಿಯ ಜೊತೆ ಲಾಗ್‌ಬುಕ್ ಒಯ್ಯುತ್ತಾರೆ. ಎಂಜಿನಿಯರಿಂಗ್ ವಿಭಾಗಗಳಲ್ಲಿ ಪ್ರಾಜೆಕ್ಟ್ ಡೈರಿ ಎಂದು ಮುದ್ರಿಸಿದ ಪುಸ್ತಕವನ್ನೇ ಕೊಡುವುದುಂಟು.

ಅದನ್ನು ಹೇಗೆ ತುಂಬುತ್ತೇವೆ ಎಂಬುದು ಈ ಸಭಾಂಗಣದಲ್ಲಿರುವ ಎಲ್ಲರಿಗೂ ಗೊತ್ತು. ವೈವಾಗೆ ವಾರವಿದ್ದಾಗ ತಂಡದ ನಾಲ್ವರೂ ಹಾಸ್ಟೆಲ್ ಕೋಣೆಯಲ್ಲಿ ಕೂರುತ್ತಾರೆ. ಕ್ಯಾಲೆಂಡರ್ ನೋಡಿ, ಭಾನುವಾರಗಳನ್ನು ಬಿಟ್ಟು ದಿನಾಂಕ ಹಾಕುತ್ತಾರೆ. ಮೊದಲ ತಿಂಗಳು ಸಾಹಿತ್ಯ ಸಮೀಕ್ಷೆ, ಎರಡನೆಯ ತಿಂಗಳು ವಿನ್ಯಾಸ, ಮೂರನೆಯದು ಜೋಡಣೆ, ನಾಲ್ಕನೆಯದು ಯಶಸ್ವೀ ಪರೀಕ್ಷೆ. ನಡುನಡುವೆ ‘ತಂಡವಾಗಿ ಕೆಲಸ ಮಾಡುವುದನ್ನು ಕಲಿತೆವು’, ‘ಸಮಯಪಾಲನೆಯ ಮಹತ್ವ ಅರಿವಾಯಿತು’ ಎಂಬ ವಾಕ್ಯಗಳು. ಗೈಡ್ ಹದಿನಾರು ವಾರಗಳ ಸಹಿಯನ್ನು ಒಂದೇ ಸಲಕ್ಕೆ ಕೂತು ಹಾಕುತ್ತಾರೆ. ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ, ಅಂಕಗಳೂ ಬರುತ್ತವೆ. ಆದರೆ ನಷ್ಟ ಆಗಿದೆ, ಅದೂ ಸಣ್ಣದಲ್ಲ. ಅದು ಎಂಥದ್ದು ಎಂದು ತೋರಿಸುವುದೇ ಈ ಉಪನ್ಯಾಸದ ಉದ್ದೇಶ.

ನನ್ನ ವಾದ ಸರಳ. ಫಲಿತಾಂಶ ತಿಳಿಯುವ ಮುನ್ನ ಬರೆದದ್ದು ದಿನಚರಿ, ತಿಳಿದ ಮೇಲೆ ಬರೆದದ್ದು ವರದಿ. ಹಳೆಯ ಕಾಲದ ವ್ಯಾಪಾರಿ ಕಿರ್ದಿಯನ್ನೂ ಖಾತೆಯನ್ನೂ ಬೇರೆಬೇರೆ ಇಡುತ್ತಿದ್ದ. ಕಿರ್ದಿಯಲ್ಲಿ ಆ ದಿನದ ವ್ಯವಹಾರ ಆ ದಿನದ ಕ್ರಮದಲ್ಲೇ ಇರಬೇಕು. ಯಾರ ಹೆಸರಿಗೆ ಎಷ್ಟು ಎಂಬ ವಿಂಗಡಣೆ ಆಮೇಲೆ ಖಾತೆಗೆ ಏರುತ್ತದೆ. ಖಾತೆಯನ್ನು ಮುಂದಿಟ್ಟುಕೊಂಡು ಕಿರ್ದಿ ಬರೆದರೆ ಎರಡೂ ತಾಳೆಯಾಗುತ್ತವೆ, ಆದರೆ ಆ ತಾಳೆಗೆ ಬೆಲೆಯಿಲ್ಲ. ನಮ್ಮ ಪ್ರಾಜೆಕ್ಟ್ ಡೈರಿಗಳ ಸ್ಥಿತಿ ಇದೇ.

ಮೂರು ಪುಸ್ತಕಗಳು, ಒಂದು ಕಾಗದದ ಸುರುಳಿ

ದಿನಚರಿಯ ಬಲವನ್ನು ಅರಿಯಲು ಮೊದಲು ಮೈಕಲ್ ಫ್ಯಾರಡೆಯ ಬಳಿಗೆ ಹೋಗೋಣ. ಬಡ ಕಮ್ಮಾರನ ಮಗ, ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಮಾಡಿ, ತಾನೇ ಚೆಂದವಾಗಿ ರಟ್ಟು ಕಟ್ಟಿ ಡೇವಿಯವರಿಗೇ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕೆಲಸ ಸಿಕ್ಕಿತು. ಪದವಿಯಿಲ್ಲದ ಅವನ ಪಾಲಿಗೆ ಆ ನೋಟ್‌ಬುಕ್ಕೇ ಅರ್ಹತಾಪತ್ರ.

ಮುಂದೆ ಫ್ಯಾರಡೆ ಜೀವನವಿಡೀ ಪ್ರಯೋಗಗಳ ದಿನಚರಿ ಬರೆದರು. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡ 1831ರ ಆಗಸ್ಟ್ 29ರ ನಮೂದು ಅದರಲ್ಲಿದೆ. 1832ರಿಂದ ಪ್ರತಿ ನಮೂದಿಗೂ ಒಂದು ಸಂಖ್ಯೆ ಕೊಡತೊಡಗಿದರು. ಹಿಂದಿನ ಪ್ರಯೋಗದ ಪ್ರಸ್ತಾಪ ಬಂದಾಗ ಆ ಸಂಖ್ಯೆ ಹಾಕಿದರೆ ಸಾಕು, ಹುಡುಕುವ ಕಷ್ಟವಿಲ್ಲ. ಸುಮಾರು ಮೂವತ್ತು ವರ್ಷಗಳಲ್ಲಿ ಸಂಖ್ಯೆ 16041ಕ್ಕೆ ಮುಟ್ಟಿತು.

ನನಗೆ ಮುಖ್ಯವೆನಿಸುವುದು ಆ ಕೊನೆಯ ಪುಟಗಳು. 1862ರ ಮಾರ್ಚ್‌ನಲ್ಲಿ ಫ್ಯಾರಡೆ ಜ್ವಾಲೆಯೊಂದನ್ನು ಕಾಂತದ ಧ್ರುವಗಳ ನಡುವೆ ಇಟ್ಟು, ರೋಹಿತದ ಗೆರೆಗಳು ಬದಲಾಗುತ್ತವೆಯೇ ಎಂದು ನೋಡಿದರು. ಏನೂ ಬದಲಾಗಲಿಲ್ಲ. ಬದಲಾಗಲಿಲ್ಲ ಎಂದೇ ಬರೆದಿಟ್ಟರು. ಅದು ಅವರ ಕೊನೆಯ ಪ್ರಯೋಗಗಳಲ್ಲಿ ಒಂದು. ಮೂವತ್ತನಾಲ್ಕು ವರ್ಷಗಳ ನಂತರ ಹಾಲೆಂಡಿನ ಪೀಟರ್ ಝೇಮನ್, ಫ್ಯಾರಡೆ ಇಂಥದ್ದೊಂದು ಪ್ರಯತ್ನ ಮಾಡಿದ್ದರೆಂದು ಮ್ಯಾಕ್ಸ್‌ವೆಲ್ಲರ ಬರಹದಲ್ಲಿ ಓದಿ, ಇನ್ನೂ ಸೂಕ್ಷ್ಮ ಉಪಕರಣದಿಂದ ಅದನ್ನೇ ಮತ್ತೆ ಮಾಡಿದರು. ಈ ಸಲ ಗೆರೆಗಳು ಅಗಲವಾದವು. ಝೇಮನ್ ಪರಿಣಾಮಕ್ಕೆ 1902ರ ನೊಬೆಲ್ ಬಂತು. ಏನೂ ಆಗದ ದಿನವನ್ನೂ ದಾಖಲಿಸಿದ್ದರಿಂದ, ಆ ಪ್ರಶ್ನೆ ಇನ್ನೊಬ್ಬರ ಕೈಗೆ ದಾಟುವವರೆಗೆ ಬದುಕಿತ್ತು.

ಎರಡನೆಯವರು ಚಾರ್ಲ್ಸ್ ಡಾರ್ವಿನ್. ಗಲಾಪಗೋಸ್ ದ್ವೀಪಗಳಲ್ಲಿ ಫಿಂಚ್ ಹಕ್ಕಿಗಳನ್ನು ಸಂಗ್ರಹಿಸಿದಾಗ ಯಾವ ಹಕ್ಕಿ ಯಾವ ದ್ವೀಪದ್ದು ಎಂದು ಅವರು ಸರಿಯಾಗಿ ಗುರುತಿಸಿಡಲಿಲ್ಲ. ದ್ವೀಪದ ಹೆಸರಿಗೆ ಅಷ್ಟು ಬೆಲೆ ಬಂದೀತೆಂದು ಆಗ ಅನಿಸಿರಲಿಲ್ಲ. 1837ರ ಆರಂಭದಲ್ಲಿ ಪಕ್ಷಿತಜ್ಞ ಜಾನ್ ಗೋಲ್ಡ್ ಇವು ಒಂದೇ ಹಕ್ಕಿಯ ಬಗೆಗಳಲ್ಲ, ಬೇರೆಬೇರೆ ಪ್ರಭೇದಗಳು ಎಂದಾಗ, ಡಾರ್ವಿನ್ ಹಡಗಿನ ಕ್ಯಾಪ್ಟನ್ ಮತ್ತು ಸಹಯಾತ್ರಿಕರ ಸಂಗ್ರಹಗಳ ಚೀಟಿಗಳನ್ನು ತರಿಸಿ ನೋಡಬೇಕಾಯಿತು. ಮುಂದೆ ಅವರು ಒಂದು ಶಿಸ್ತು ರೂಢಿಸಿಕೊಂಡರು: ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ತಕ್ಷಣ ಬರೆದಿಡುವುದು. ಅನುಕೂಲದ ಸಂಗತಿಗಳಿಗಿಂತ ಅಂಥವೇ ಬೇಗ ಮರೆತುಹೋಗುತ್ತವೆ ಎಂಬುದು ಅವರ ಅನುಭವವಾಗಿತ್ತು. ವಿದ್ಯಾರ್ಥಿ ಇದರಿಂದ ಕಲಿಯಬೇಕಾದ ಪಾಠವಿದೆ. ಯಾವ ವಿವರ ನಾಳೆ ಮುಖ್ಯವಾಗುತ್ತದೆ ಎಂದು ಇವತ್ತು ಗೊತ್ತಾಗುವುದಿಲ್ಲ. ಹಾಗಾಗಿ ದಿನ, ಜಾಗ, ಉಪಕರಣ ಈ ಮೂರನ್ನು ಬೇಕೋ ಬೇಡವೋ ಎಂದು ಯೋಚಿಸದೆ ಬರೆಯಬೇಕು.

ಮೂರನೆಯ ಪುಸ್ತಕ ನಮ್ಮ ದೇಶದ್ದು. ಕಲ್ಕತ್ತೆಯ ಬೌಬಜಾರ್‌ನ ಪ್ರಯೋಗಾಲಯದಲ್ಲಿ ಸಿ.ವಿ. ರಾಮನ್ ಅವರ ಜೊತೆ ದುಡಿಯುತ್ತಿದ್ದ ಕೆ.ಎಸ್. ಕೃಷ್ಣನ್ 1928ರ ಫೆಬ್ರವರಿಯಲ್ಲಿ ದಿನಚರಿ ಬರೆದಿದ್ದರು. ಸಿದ್ಧಾಂತದ ಕೆಲಸದಲ್ಲಿ ಮುಳುಗಿದ್ದವರು ಪ್ರಯೋಗಕ್ಕೆ ಮರಳಿದ್ದು, ಸಾವಯವ ದ್ರವಗಳಲ್ಲಿ ಚದುರಿದ ಬೆಳಕಿನ ವಿಚಿತ್ರ ವರ್ತನೆ, ಪ್ರೊಫೆಸರರ ಉತ್ಸಾಹ ಎಲ್ಲವೂ ದಿನವಾರು ಅಲ್ಲಿವೆ. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ರಾಮನ್ ಅವರನ್ನು ನಾವು ರಾಮನ್ ಪರಿಣಾಮದ ಶೋಧದ ದಿನವಾದ ಫೆಬ್ರವರಿ 28ರಂದು ಪ್ರತಿವರ್ಷ ನೆನೆಯುತ್ತೇವೆ. ಆ ಒಂದು ದಿನದ ಹಿಂದಿನ ಮೂರು ವಾರಗಳ ತಡಕಾಟ ಹೇಗಿತ್ತೆಂದು ತಿಳಿಯಲು ಇತಿಹಾಸಕಾರರು ತೆರೆಯುವುದು ಈ ಕಿರಿಯ ಸಹೋದ್ಯೋಗಿಯ ಪುಟಗಳನ್ನು. ಪ್ರಕಟವಾದ ಲೇಖನದಲ್ಲಿ ಶೋಧ ಮಾತ್ರ ಇರುತ್ತದೆ, ಅದನ್ನು ಹುಡುಕಿದ ದಿನಗಳು ಇರುವುದಿಲ್ಲ.

ಇನ್ನು ಕಾಗದದ ಸುರುಳಿ. ಜೋಸೆಲಿನ್ ಬೆಲ್ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ವಿದ್ಯಾರ್ಥಿನಿ. 1967ರಲ್ಲಿ ಅವರೂ ಸೇರಿ ಕಟ್ಟಿದ ರೇಡಿಯೊ ದೂರದರ್ಶಕ ದಿನಕ್ಕೆ ಸುಮಾರು ಮೂವತ್ತು ಮೀಟರ್ ಉದ್ದದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅಷ್ಟನ್ನೂ ಕಣ್ಣಿನಿಂದಲೇ ಓದಬೇಕು. ಹುಡುಕುತ್ತಿದ್ದದ್ದು ಕ್ವೇಸಾರ್‌ಗಳನ್ನು. ಆಗಸ್ಟ್‌ನ ಸುರುಳಿಯಲ್ಲಿ ಒಂದು ಸೆಂಟಿಮೀಟರೂ ಇಲ್ಲದ ಗೀಚು ಕಂಡಿತು. ಅದು ಕ್ವೇಸಾರ್‌ನಂತೆಯೂ ಇಲ್ಲ, ಭೂಮಿಯ ಮೇಲಿನ ರೇಡಿಯೊ ಗದ್ದಲದಂತೆಯೂ ಇಲ್ಲ. ಬೆಲ್ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಇಂಥದ್ದನ್ನು ಆಕಾಶದ ಇದೇ ಭಾಗದಲ್ಲಿ ಹಿಂದೆಯೂ ಕಂಡಿದ್ದೇನಲ್ಲ ಎಂದು ಆಮೇಲೆ ನೆನಪಾಯಿತು. ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿದಾಗ 1.3 ಸೆಕೆಂಡಿಗೊಂದರಂತೆ ಮಿಡಿತಗಳು ಬಂದವು. ಮೊದಲ ಪಲ್ಸಾರ್, ಅಂದರೆ ಮಿಡಿಯುವ ನಕ್ಷತ್ರ, ಸಿಕ್ಕಿದ್ದು ಹೀಗೆ. ಅವರ ಪ್ರಬಂಧದಲ್ಲಿ ಪಲ್ಸಾರ್‌ಗೆ ದೊರೆತ ಜಾಗ ಒಂದು ಅನುಬಂಧ ಮಾತ್ರ! 1974ರ ನೊಬೆಲ್ ಬಂದದ್ದು ಅವರ ಗೈಡ್ ಆಂಟನಿ ಹ್ಯೂಯಿಶ್ ಅವರಿಗೆ. ಆದರೂ ಆ ಪ್ರಶ್ನೆಯ ಗುರುತು ಯಾರ ಕೈಯದು ಎಂಬ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಈ ನಾಲ್ಕರಲ್ಲೂ ಸಮಾನವಾದದ್ದು ಪ್ರತಿಭೆ ಎಂದು ನೀವು ಹೇಳಬಹುದು. ಇರಲಿ. ಪ್ರತಿಭೆಯನ್ನು ನಾನು ಪಾಠ ಮಾಡಲಾರೆ. ಇನ್ನೂ ಅರ್ಥವಾಗದ್ದನ್ನು ಅರ್ಥವಾಗದ ಸ್ಥಿತಿಯಲ್ಲೇ ಕಾಗದಕ್ಕೆ ಇಳಿಸುವ ಅಭ್ಯಾಸವನ್ನು ಮಾತ್ರ ಯಾವ ಕಾಲೇಜಿನಲ್ಲಾದರೂ ಕಲಿಸಬಹುದು.

ಚಿಂತನೆ ಎಲ್ಲಿಂದ ಹೊರಡುತ್ತದೆ

ಶಿಕ್ಷಣ ಶಾಸ್ತ್ರ ಓದಿದವರಿಗೆ ಡೊನಾಲ್ಡ್ ಶೋನ್ ಹೆಸರು ಪರಿಚಿತ. 1983ರ ಅವರ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಪುಸ್ತಕ ಎರಡು ಬಗೆಯ ಚಿಂತನೆಯನ್ನು ಬಿಡಿಸಿ ತೋರಿಸಿತು: ಕೆಲಸ ನಡೆಯುತ್ತಿರುವಾಗಲೇ ಮಾಡುವ ಚಿಂತನೆ ಒಂದು, ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡುವ ಚಿಂತನೆ ಇನ್ನೊಂದು. ನುರಿತ ವಾಸ್ತುಶಿಲ್ಪಿ ನಕ್ಷೆ ಬರೆಯುತ್ತಿರುವಾಗ ಗೆರೆ ಅಂದುಕೊಂಡಂತೆ ಕೂರುವುದಿಲ್ಲ. ಆ ಅಚ್ಚರಿಯೇ ಅವರನ್ನು ನಿಲ್ಲಿಸಿ ಯೋಚನೆಗೆ ಹಚ್ಚುತ್ತದೆ. ಅದಕ್ಕೂ ಮುಂಚೆ, 1910ರಲ್ಲೇ, ಜಾನ್ ಡೀವಿ ಯೋಚನೆ ಹುಟ್ಟುವುದು ತೊಡಕಿನಿಂದ, ಸಂದೇಹದಿಂದ ಎಂದಿದ್ದರು.

ನಮ್ಮ ಡೈರಿಗಳು ಸಪ್ಪೆಯಾಗಲು ಕಾರಣ ಇಲ್ಲಿ ಸಿಗುತ್ತದೆ. ‘ಇಂದು ನೀವು ಏನು ಕಲಿತಿರಿ?’ ಎಂದು ನಾವು ಕೇಳುತ್ತೇವೆ. ಇಪ್ಪತ್ತರ ಹುಡುಗನೊಬ್ಬ ಪ್ರತಿದಿನ ಸಂಜೆ ಒಂದು ಕಲಿಕೆಯನ್ನು ಎಲ್ಲಿಂದ ತಂದಾನು? ಸಿಕ್ಕಿದ ಸುಭಾಷಿತ ಬರೆಯುತ್ತಾನೆ. ಅದರ ಬದಲು ‘ಇಂದು ಯಾವುದು ನೀವು ಎಣಿಸಿದಂತೆ ಆಗಲಿಲ್ಲ?’ ಎಂದು ಕೇಳಿದರೆ ಹೇಳಲು ಏನಾದರೂ ಇದ್ದೇ ಇರುತ್ತದೆ. ಎಣಿಸಿದಂತೆ ಆಗದ್ದು ಯಾವುದೆಂದು ಗೊತ್ತಾಗಬೇಕಾದರೆ ಮೊದಲು ಏನು ಎಣಿಸಿದ್ದೆ ಎಂದು ಬರೆದಿರಬೇಕು ತಾನೆ? ಆದ್ದರಿಂದ ಊಹೆಯೂ ದಿನಚರಿಯೊಳಗೇ ಬರಬೇಕು.

ಒಂದು ಪುಟ ಹೇಗಿರಬೇಕು

ಪ್ರತಿ ವಿಭಾಗದಲ್ಲೂ ಪ್ರತಿವರ್ಷ ಒಂದು ತಂಡವಾದರೂ ಮಾಡುವ ಪ್ರಾಜೆಕ್ಟ್ ಸ್ವಯಂಚಾಲಿತ ನೀರಾವರಿ: ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್, ಆರ್ಡ್ವಿನೊ ಬೋರ್ಡು, ಒಂದು ರಿಲೇ, ಒಂದು ಪುಟ್ಟ ಪಂಪು. ಇದನ್ನೇ ಇಟ್ಟುಕೊಂಡು ಎರಡು ದಿನಗಳ ನಮೂದನ್ನು ನಾನೇ ಕಲ್ಪಿಸಿ ಹೇಳುತ್ತೇನೆ.

ಮೊದಲ ದಿನದ ಪುಟ: ‘ಸೋಮವಾರ ಒಣಮಣ್ಣಿನಲ್ಲಿ ರೀಡಿಂಗ್ 890, ನೀರು ಹಾಕಿದ ಮೇಲೆ 410 ಇತ್ತು. ಇಂದು ಶುಕ್ರವಾರ, ಅದೇ ಕುಂಡ, ಅಷ್ಟೇ ನೀರು, ರೀಡಿಂಗ್ 560. ಮಣ್ಣು ನೀರನ್ನು ಬೇಗ ಇಳಿಸುತ್ತಿದೆ ಎಂದು ನನಗನಿಸುತ್ತದೆ. ಪ್ರೋಬ್ ಹಾಳಾಗಿದೆ ಎಂಬುದು ಸುಮಾಳ ವಾದ. ನಾಳೆ ಅದೇ ಕುಂಡಕ್ಕೆ ಹೊಸ ಪ್ರೋಬ್ ಇಟ್ಟು ನೋಡುವುದು. ಅದೂ 560 ತೋರಿಸಿದರೆ ಮಣ್ಣಿನ ಕಾರಣ. 410ರ ಹತ್ತಿರ ಬಂದರೆ ಪ್ರೋಬ್.’

ಮರುದಿನ: ‘ಹೊಸ ಪ್ರೋಬ್ 425. ಸುಮಾ ಹೇಳಿದ್ದೇ ಸರಿ. ಹಳೆಯದರ ಒಂದು ಕಾಲಿನ ಲೋಹ ಸವೆದು ಹಸಿರುಗಟ್ಟಿದೆ, ಇನ್ನೊಂದು ಕಾಲು ಚೆನ್ನಾಗಿದೆ. ಒಂದೇ ಕಾಲು ಯಾಕೆ? ಇಡೀ ದಿನ ಡಿಸಿ ಕರೆಂಟು ಹರಿಯುತ್ತಿರುವುದರಿಂದ ಇರಬಹುದು. ರೀಡಿಂಗ್ ತೆಗೆಯುವ ಕ್ಷಣದಲ್ಲಿ ಮಾತ್ರ ಕರೆಂಟು ಕೊಟ್ಟರೆ ಸವೆತ ತಗ್ಗಬೇಕು. ಕೆಪ್ಯಾಸಿಟಿವ್ ಸೆನ್ಸರ್ ಕೊಳ್ಳುವ ಆಲೋಚನೆ ಇತ್ತು; ಸದ್ಯ ಬಿಟ್ಟಿದ್ದೇವೆ, ಕೋಡ್ ಬದಲಿಸಿ ಒಂದು ವಾರ ನೋಡೋಣ.’

ಇಷ್ಟೇ. ಅರ್ಧ ಪುಟ, ಹತ್ತು ನಿಮಿಷದ ಕೆಲಸ. ಇದರಲ್ಲಿ ಕಂಡದ್ದು ಇದೆ, ಊಹೆ ಇದೆ, ಏನು ಕಂಡರೆ ಊಹೆಯನ್ನು ಕೈಬಿಡುತ್ತೇನೆ ಎಂಬ ಷರತ್ತು ಇದೆ, ಬಿಟ್ಟ ದಾರಿಯೂ ಅದನ್ನು ಬಿಟ್ಟ ಕಾರಣವೂ ಇವೆ. ‘ಚಿಂತನೆ’ ಎಂಬ ಶೀರ್ಷಿಕೆ ಎಲ್ಲಿಯೂ ಇಲ್ಲ. ನೇರ ವಿದ್ಯುತ್ತು ಹರಿಯುವಾಗ ತೇವದ ಮಣ್ಣಿನಲ್ಲಿ ಧನ ಧ್ರುವದ ಲೋಹ ಕರಗುತ್ತದೆ ಎಂಬ ವಿದ್ಯುದ್ವಿಭಜನೆಯ ಪಾಠವನ್ನು ಈ ವಿದ್ಯಾರ್ಥಿ ಪಿಯುಸಿಯಲ್ಲೇ ಓದಿದ್ದಾನೆ. ಆ ಪಾಠ ಅವನದಾದದ್ದು ಈ ಪುಟದಲ್ಲಿ. ವರದಿಯಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು: ಬಾಳಿಕೆಗಾಗಿ ಸೆನ್ಸರಿಗೆ ಮಧ್ಯೆ ಮಧ್ಯೆ ಮಾತ್ರ ವಿದ್ಯುತ್ ಒದಗಿಸಲಾಗಿದೆ. ಓದಿದವರಿಗೆ ಇವರು ಮೊದಲಿನಿಂದಲೂ ಬಲ್ಲವರು ಎನಿಸುತ್ತದೆ. ಸ್ವಲ್ಪ ದಿನಕ್ಕೆ ಬರೆದವರಿಗೂ ಹಾಗೇ ಅನಿಸತೊಡಗುತ್ತದೆ. ಗೊತ್ತಾದ ಮೇಲೆ ಗೊತ್ತಿಲ್ಲದ ದಿನ ನೆನಪಿಗೆ ಬರುವುದಿಲ್ಲ. ತಾನು ಯೋಚಿಸುವ ಕ್ರಮದಲ್ಲಿ ಎಲ್ಲಿ ಪದೇಪದೇ ಎಡವುತ್ತೇನೆ ಎಂದು ತಿಳಿಯುವ ಅವಕಾಶವೂ ಅದರೊಂದಿಗೆ ಹೋಗುತ್ತದೆ.

ಪುಸ್ತಕದ ಬಗ್ಗೆ ಕೆಲವು ಲೌಕಿಕ ಮಾತುಗಳು. ಬಿಡಿ ಹಾಳೆ ಬೇಡ, ಹೊಲಿದ ಪುಸ್ತಕವಿರಲಿ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ. ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಹೊಡೆಯಿರಿ, ಹಾಳೆ ಹರಿಯಬೇಡಿ. ಬರೆಯದ ದಿನವನ್ನು ತುಂಬಲು ಹೋಗಬೇಡಿ, ಖಾಲಿ ದಿನವೂ ಮಾಹಿತಿಯೇ. ನಾಲ್ವರ ತಂಡಕ್ಕೆ ನಾಲ್ಕು ಪುಸ್ತಕವಿರಲಿ. ಒಂದೇ ಪುಸ್ತಕವಿದ್ದರೆ ಕೈಬರಹ ಚೆನ್ನಾಗಿರುವವಳ ತಲೆಗೆ ಅದು ಬೀಳುತ್ತದೆ, ಉಳಿದ ಮೂವರು ಯೋಚಿಸುವುದನ್ನೂ ಅವಳಿಗೇ ಒಪ್ಪಿಸುತ್ತಾರೆ. ಸುಮಾ ಒಂದು ಹೇಳಿದಳು, ನಾನು ಒಂದು ಹೇಳಿದೆ ಎಂಬ ಭಿನ್ನಾಭಿಪ್ರಾಯ ಉಳಿಯುವುದೂ ಬೇರೆಬೇರೆ ಪುಸ್ತಕಗಳಲ್ಲೇ.

ಯಾವ ಭಾಷೆಯಲ್ಲಿ ಬರೆಯಬೇಕು? ವರದಿ ಇಂಗ್ಲಿಷಿನಲ್ಲಿ ಹೋಗಲಿ, ವಿಶ್ವವಿದ್ಯಾಲಯ ಕೇಳುವುದು ಅದನ್ನೇ. ದಿನಚರಿ ಕನ್ನಡದಲ್ಲಿರಲಿ. ಲ್ಯಾಬಿನಲ್ಲಿ ನೀವು ವಾದ ಮಾಡುವುದು, ಬೇಸರಪಟ್ಟುಕೊಳ್ಳುವುದು, ‘ಅಯ್ಯೋ, ಇದು ಯಾಕೆ ಹಿಂಗಾಯ್ತು’ ಎನ್ನುವುದು ಕನ್ನಡದಲ್ಲಿ. ಆ ವಾದವನ್ನು ಇಂಗ್ಲಿಷಿಗೆ ತರುವ ಶ್ರಮದಲ್ಲಿ ಸಂದೇಹಗಳು ಉದುರಿಹೋಗಿ, ಯಾರೋ ಬರೆದಿಟ್ಟ ಸಿದ್ಧ ವಾಕ್ಯಗಳು ಬಂದು ಕೂರುತ್ತವೆ. ಅಂಕಿಗಳನ್ನೂ ಕೋಡನ್ನೂ ಹೇಗಿವೆಯೋ ಹಾಗೆ ಬರೆಯಿರಿ. ವಾದವನ್ನು ನಿಮ್ಮ ಊರಿನ ಕನ್ನಡದಲ್ಲಿ ಬರೆಯಿರಿ.

ಯಂತ್ರವೇ ದಿನಚರಿ ಬರೆದುಕೊಡುವ ಕಾಲವಲ್ಲವೇ ಇದು ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿರಬೇಕು. ಹೌದು, ಹದಿನಾರು ವಾರಗಳ ಚಿಂತನಶೀಲ ಡೈರಿಯನ್ನು ಅದು ಒಂದು ನಿಮಿಷದಲ್ಲಿ ಬರೆದೀತು. ತಂಡವಾಗಿ ದುಡಿಯುವುದನ್ನು ಕಲಿತೆವು ಎಂದು ನಮಗಿಂತ ಸೊಗಸಾಗಿ ಬರೆದೀತು. ಶುಕ್ರವಾರ 560 ಬಂದಾಗ ನಿಮ್ಮ ತಲೆಯಲ್ಲಿ ಯಾವ ಊಹೆ ಇತ್ತೆಂಬುದು ಮಾತ್ರ ಅದಕ್ಕೆ ತಿಳಿಯದು. ಯಂತ್ರ ಬರೆದುಕೊಡಬಲ್ಲ ಡೈರಿಯನ್ನು ನಾವು ಇಷ್ಟು ವರ್ಷ ಮಕ್ಕಳಿಂದ ಬರೆಸುತ್ತಿದ್ದೆವು ಎಂಬುದನ್ನು ಈ ಯಂತ್ರ ತೋರಿಸಿಕೊಟ್ಟಿದೆ, ಅಷ್ಟೇ.

ಬರೆದವರಲ್ಲಿ ಉಳಿಯುವುದು

ಸಮಾಜ ವಿಜ್ಞಾನದ ವಿದ್ಯಾರ್ಥಿಗಳಿಗೆ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು; ಬರವಣಿಗೆಯಲ್ಲಿ ಅದನ್ನು ರಾಂಪುರ ಎಂದು ಕರೆದರು. ಕ್ಷೇತ್ರ ಟಿಪ್ಪಣಿಗಳನ್ನು ವರ್ಷಗಟ್ಟಲೆ ತಿದ್ದಿ, ವಿಂಗಡಿಸಿ ಸಿದ್ಧಪಡಿಸಿಕೊಂಡಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಆ ಸಿದ್ಧ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಶ್ರೀನಿವಾಸ್ ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಭಾರತೀಯ ಸಮಾಜಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲಿ ಒಂದಾಯಿತು.

ಹಾಗಾದರೆ ಟಿಪ್ಪಣಿ ಬೇಡವೆಂದೇ ಆಯಿತಲ್ಲ ಎನ್ನುವ ಜಾಣರು ಇರುತ್ತಾರೆ. ನಾನು ಅದನ್ನು ಓದುವುದು ಬೇರೆ ರೀತಿ. ಅಷ್ಟು ವರ್ಷ ಬರೆದು, ಮತ್ತೆ ಓದಿ, ಹೊಂದಿಸಿದವರಿಗೆ ಮಾತ್ರ ಹಾಗೆ ನೆನಪಿನಿಂದ ಬರೆಯಲು ಸಾಧ್ಯ. ಬರೆಯುವಾಗ ಮನಸ್ಸು ಆಯ್ಕೆ ಮಾಡುತ್ತದೆ, ಹೋಲಿಸುತ್ತದೆ, ಕಾರಣ ಕೇಳುತ್ತದೆ. ಕಾಗದ ಸುಟ್ಟರೂ ಆ ದುಡಿಮೆ ಸುಡುವುದಿಲ್ಲ. ಮೊಬೈಲಿನಲ್ಲಿ ಸಾವಿರ ಫೋಟೊ ತೆಗೆದವರಿಗೆ ಈ ಲಾಭವಿಲ್ಲ.

ಅಂಕ ಮತ್ತು ಕಪಾಟು

ಕೊನೆಯದಾಗಿ ಅಧ್ಯಾಪಕ ಮಿತ್ರರಿಗೆ ಎರಡು ಮಾತು. ಚಿಂತನೆಗೆ ಅಂಕ ಕೊಟ್ಟರೆ ಚಿಂತನೆಯ ನಟನೆ ಬೆಳೆಯುತ್ತದೆ. ತನ್ನ ಸಂದೇಹ, ತಪ್ಪು ಊಹೆ, ಸೋತ ಪ್ರಯತ್ನಗಳನ್ನು ನೋಡಿ ಅಂಕ ಕಡಿಯುವವರ ಎದುರು ಯಾವ ವಿದ್ಯಾರ್ಥಿ ನಿಜ ಬರೆದಾನು? ಬರೆದಿದ್ದಾರೆ ಎಂಬುದಕ್ಕಷ್ಟೇ ಅಂಕ ಕೊಡಿ, ಏನು ಬರೆದಿದ್ದಾರೆ ಎಂಬುದಕ್ಕೆ ಬೇಡ. ವಾರಕ್ಕೊಮ್ಮೆ ಐದು ನಿಮಿಷ ಪುಸ್ತಕ ತೆರೆಯಿರಿ. ಸಹಿಯ ಜೊತೆ ಒಂದು ಪ್ರಶ್ನೆ ಬರೆಯಿರಿ. ವೈವಾದಲ್ಲಿ ವರದಿಯ ಬದಲು ದಿನಚರಿಯ ಯಾವುದಾದರೂ ಪುಟ ತೆರೆದು ‘ಇಲ್ಲಿ ಮನಸ್ಸು ಯಾಕೆ ಬದಲಾಯಿಸಿದಿರಿ?’ ಎಂದು ಕೇಳಿ. ಕೆಲಸ ಮಾಡಿದವರು ಆ ಪ್ರಶ್ನೆಗೆ ನಿಲ್ಲಿಸಲಾಗದಂತೆ ಮಾತಾಡುತ್ತಾರೆ. ದುಡ್ಡು ಕೊಟ್ಟು ಪ್ರಾಜೆಕ್ಟ್ ತಂದವರು ಯಾರೆಂಬುದೂ ಆ ಒಂದೇ ಪ್ರಶ್ನೆಗೆ ಬಯಲಾಗುತ್ತದೆ.

ಎರಡನೆಯದು ಕಪಾಟಿನ ಮಾತು. ನಮ್ಮ ವಿಭಾಗದ ಗ್ರಂಥಾಲಯಗಳಲ್ಲಿ ಚಿನ್ನದ ಅಕ್ಷರದ ವರದಿಗಳು ಸಾಲಾಗಿ ನಿಂತಿವೆ. ಎಲ್ಲವೂ ಯಶಸ್ಸಿನ ಕಥೆಗಳು. ಅವನ್ನು ಓದಿ ಕೆಲಸಕ್ಕಿಳಿಯುವ ಕಿರಿಯರ ಪ್ರೋಬ್ ಕೂಡ ನಾಲ್ಕನೇ ದಿನಕ್ಕೆ ಸವೆಯುತ್ತದೆ, ಅವರೂ ಮಣ್ಣನ್ನು ದೂರುತ್ತಾರೆ. ಒಂದೇ ತಪ್ಪಿಗೆ ಪ್ರತಿವರ್ಷದ ಬ್ಯಾಚು ಒಂದು ವಾರ ತೆರುತ್ತದೆ, ಏಕೆಂದರೆ ಆ ತಪ್ಪು ಯಾವ ವರದಿಯಲ್ಲೂ ಇಲ್ಲ. ವಿದ್ಯಾರ್ಥಿಗಳ ಒಪ್ಪಿಗೆ ಪಡೆದು ದಿನಚರಿಗಳನ್ನೂ ವರದಿಯ ಪಕ್ಕದಲ್ಲೇ ಇಡಿ. ಹೊಸ ತಂಡ ವಿಷಯ ಆರಿಸಿಕೊಂಡ ಮೊದಲ ವಾರ ಹಿರಿಯರ ವರದಿಗಿಂತ ಮೊದಲು ಆ ದಿನಚರಿ ಓದಲಿ. ಆಗ ಹಿರಿಯರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ಕಿರಿಯರು ಹೊರಡಬಹುದು. ಕಾಲೇಜಿಗೂ ತನ್ನದೇ ಆದ ಒಂದು ನೆನಪು ಬೆಳೆಯುತ್ತದೆ.

ಇದಕ್ಕೆ ಬೇಕಾದ ಖರ್ಚು ತಂಡಕ್ಕೆ ನಾಲ್ಕು ನೋಟ್‌ಬುಕ್ಕು, ವಿಭಾಗಕ್ಕೊಂದು ಕಪಾಟು. ದತ್ತಿ ಕೊಟ್ಟ ಕುಟುಂಬದವರು ಒಪ್ಪುವುದಾದರೆ ನನಗೆ ಇವತ್ತು ಕೊಡಲಿರುವ ಗೌರವಧನವನ್ನು ಮೊದಲ ಕಪಾಟಿಗೇ ಬಳಸಬೇಕೆಂದು ಕೋರುತ್ತೇನೆ.